ಔಟರ್‌ನಲ್ಲಿ ನಿಂತ ಒಂದೂಕಾಲು ಕೋಟಿ ಜನ

ರೈಲ್ವೆಯಲ್ಲಿ ಒಂದು ಹಳೇ ನಿಯಮ ಇದೆ. ಎರಡು ಸ್ಟೇಷನ್‌ಗಳ ನಡುವಿನ ಹಳಿಯ ಮೇಲೆ ಒಂದು ಸಲಕ್ಕೆ ಒಂದೇ ಗಾಡಿ. ಆಟೋಮ್ಯಾಟಿಕ್ ಸಿಗ್ನಲ್ ಇರುವ ದೊಡ್ಡ ಊರುಗಳ ಕಥೆ ಬೇರೆ, ಅದನ್ನು ಬಿಡಿ. ಮುಂದಿನ ಸ್ಟೇಷನ್ ಮಾಸ್ಟರ್ 'ಲೈನ್ ಕ್ಲಿಯರ್', ಅಂದರೆ ಹಳಿ ಖಾಲಿ ಇದೆ ಅನ್ನುವ ಒಪ್ಪಿಗೆ, ಕೊಡುವ ತನಕ ಹಿಂದಿನವರು ಗಾಡಿ ಬಿಡುವ ಹಾಗಿಲ್ಲ. ಫೋನಿನಲ್ಲಿ 'ಬಿಡಿ ಬಿಡಿ, ಖಾಲಿ ಇದೆ' ಅಂದರೆ ನಡೆಯುವುದಿಲ್ಲ. ಪ್ರೈವೇಟ್ ನಂಬರ್ ಅಂತ ಒಂದು ಗುಟ್ಟಿನ ಅಂಕಿ ಇದೆ. ಅದನ್ನು ಮುಂದಿನ ಸ್ಟೇಷನ್ನಿನವರು ಹೇಳಬೇಕು, ಹಿಂದಿನವರು ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಬೇಕು. ಒಳಗೆ ಜಾಗ ಇಲ್ಲದಿದ್ದರೆ ಗಾಡಿ ಔಟರ್‌ನಲ್ಲೇ, ಅಂದರೆ ಸ್ಟೇಷನ್ ಹೊರಗಿನ ಸಿಗ್ನಲ್ ಬಳಿಯೇ, ನಿಲ್ಲುತ್ತದೆ. ಒಳಗೆ ಕೂತವರು ಎಷ್ಟೇ ಬೈದುಕೊಳ್ಳಲಿ, ನಿಲ್ಲುತ್ತದೆ.

ಒಳ್ಳೆಯ ನಿಯಮ. ಆದರೆ ಇದು ಗಾಡಿಗೆ ಮಾತ್ರ. ಈ ನಿಯಮ ಕಾಯುವ ಕೆಲಸಕ್ಕೆ ಅರ್ಜಿ ಹಾಕುವ ಮನುಷ್ಯರಿಗೆ ಅಲ್ಲ.

2019ರ ಫೆಬ್ರವರಿ ಕೊನೆಯಲ್ಲಿ ರೈಲ್ವೆ ನೇಮಕಾತಿ ಮಂಡಳಿಗಳು ಎನ್‌ಟಿಪಿಸಿ ಹುದ್ದೆಗಳಿಗೆ ಅರ್ಜಿ ಕರೆದವು. ಹುದ್ದೆ 35 ಸಾವಿರ ಚಿಲ್ಲರೆ. ಬಂದ ಅರ್ಜಿ ಸುಮಾರು ಒಂದೂಕಾಲು ಕೋಟಿ. ಅಂದರೆ ಒಂದೊಂದು ಪ್ಲಾಟ್‌ಫಾರ್ಮಿಗೆ 350 ಗಾಡಿಗಳಿಗೆ ಒಟ್ಟಿಗೇ ಲೈನ್ ಕ್ಲಿಯರ್ ಕೊಟ್ಟ ಹಾಗಾಯಿತು. ಯಾವ ಸ್ಟೇಷನ್ ಮಾಸ್ಟರಾದರೂ ಹೀಗೆ ಮಾಡಿದ್ದರೆ ಅದೇ ದಿನ ಸಸ್ಪೆಂಡ್ ಆಗುತ್ತಿದ್ದರು.

ಈ ಎನ್‌ಟಿಪಿಸಿ ಅಂದರೆ ವಿದ್ಯುತ್ ಕಂಪನಿ ಅಂದುಕೊಳ್ಳಬೇಡಿ. 'ನಾನ್ ಟೆಕ್ನಿಕಲ್ ಪಾಪ್ಯುಲರ್ ಕೆಟಗರಿ' ಅಂತ. ಸ್ಟೇಷನ್ ಮಾಸ್ಟರ್ ಹುದ್ದೆಯೂ ಇದರಲ್ಲೇ ಬರುತ್ತದೆ. ಹಿಂದೆ ಕ್ಯಾಬಿನ್‌ನಲ್ಲಿ ನಿಂತು ಲಿವರ್ ಎಳೆದು ಸಿಗ್ನಲ್ ಬೀಳಿಸುವವರು ಬೇರೆಯೇ ಇರುತ್ತಿದ್ದರು. ಈಗ ಬಹಳ ಕಡೆ ಆ ಕೆಲಸ ಮಾಸ್ಟರ ಮೇಜಿನ ಮುಂದಿನ ಪ್ಯಾನೆಲ್‌ಗೆ, ಇಲ್ಲವೇ ಕಂಪ್ಯೂಟರ್ ಪರದೆಗೆ ಬಂದು ಕೂತಿದೆ. ಗಾಡಿಯ ಹಳಿ ಬದಲಿಸುವ ಪಾಯಿಂಟ್ ಸರಿಯಾಗಿ ಕೂತು ಲಾಕ್ ಆಗದೆ ಸಿಗ್ನಲ್ ಹಸಿರಾಗದು. ಇಷ್ಟೆಲ್ಲ ನೋಡಿಕೊಳ್ಳುವವನು 'ನಾನ್ ಟೆಕ್ನಿಕಲ್'. ಸರಿ, ಒಪ್ಪೋಣ. ಆದರೆ 'ಪಾಪ್ಯುಲರ್' ಅಂತ ಯಾರು ಸೇರಿಸಿದರೋ ಗೊತ್ತಿಲ್ಲ. ಗಾಡಿ ಔಟರ್‌ನಲ್ಲಿ ಮುಕ್ಕಾಲು ಗಂಟೆ ನಿಂತಾಗ ಸ್ಟೇಷನ್ ಮಾಸ್ಟರ್ ಎಷ್ಟು ಜನಪ್ರಿಯ ಅಂತ ಜನರಲ್ ಬೋಗಿಯಲ್ಲಿ ಕೂತು ಒಮ್ಮೆ ಕೇಳಿಸಿಕೊಳ್ಳಬೇಕು.

ಅರ್ಜಿಯ ವಿಷಯಕ್ಕೆ ಬರೋಣ. ಫೋಟೋದಲ್ಲಿ ಕಪ್ಪು ಕನ್ನಡಕ ಇರಬಾರದು, ಟೋಪಿ ಇರಬಾರದು. ಸಹಿ ಕೂಡಿಸಿ ಬರೆದಂತೆ ಇರಬೇಕು, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬಿಡಿಬಿಡಿಯಾಗಿ ಬರೆದರೆ ಅರ್ಜಿ ತಿರಸ್ಕೃತ. ಅದೇ ವರ್ಷದ ಗ್ರೂಪ್ ಡಿ ನೇಮಕಾತಿಯಲ್ಲಿ ಫೋಟೋ ಸರಿಯಿಲ್ಲ, ಸಹಿ ಸರಿಯಿಲ್ಲ ಅಂತ ಲಕ್ಷಗಟ್ಟಲೆ ಅರ್ಜಿಗಳು ಬಿದ್ದುಹೋದವು. ಗಲಾಟೆ ಆಗಿ, 2021ರ ಡಿಸೆಂಬರ್‌ನಲ್ಲಿ ತಿದ್ದಿಕೊಳ್ಳಲು ಮತ್ತೊಂದು ಅವಕಾಶ ಕೊಟ್ಟರು. ಅಷ್ಟು ಹೊತ್ತಿಗೆ ಹುಡುಗರಿಗೆ ಮುಖವೂ ಬದಲಾಗಿತ್ತು, ಸಹಿಯೂ ಬದಲಾಗಿತ್ತು.

ಶುಲ್ಕ 500 ರೂಪಾಯಿ. ಮೊದಲ ಪರೀಕ್ಷೆಗೆ ಹಾಜರಾದರೆ ಅದರಲ್ಲಿ 400 ವಾಪಸ್, ಬ್ಯಾಂಕಿನವರ ಖರ್ಚು ಕಳೆದು. ಮಹಿಳೆಯರು, ಪರಿಶಿಷ್ಟರು ಮುಂತಾದವರಿಗೆ ಶುಲ್ಕ 250, ಹಾಜರಾದರೆ ಅದೇ ಖರ್ಚು ಕಳೆದು ಅಷ್ಟೂ ವಾಪಸ್. ಅಂದರೆ ಇಲ್ಲಿ ಪರೀಕ್ಷೆ ಪಾಸಾದದ್ದಕ್ಕೆ ಅಲ್ಲ, ಬಂದದ್ದಕ್ಕೇ ಬಹುಮಾನ. ಯಾಕೆ ಅಂತ ಆಮೇಲೆ ಅರ್ಥವಾಗುತ್ತದೆ. ಬರುವುದೇ ದೊಡ್ಡ ಸಾಧನೆ.

ಮೊದಲು ಕಾಯಬೇಕು. ಅರ್ಜಿ ಹಾಕುವ ಗಡುವು 2019ರ ಮಾರ್ಚ್‌ಗೆ ಮುಗಿಯಿತು. ಪರೀಕ್ಷೆ ಅದೇ ವರ್ಷ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಅಂದಿದ್ದರು. ಶುರುವಾದದ್ದು 2020ರ ಡಿಸೆಂಬರ್ 28ಕ್ಕೆ. 'ಕೊರೊನಾ ಬಂತಲ್ಲ ಸ್ವಾಮಿ' ಅನ್ನಬಹುದು. ಬಂತು, ನಿಜ. ಆದರೆ ಗಡುವು ಮುಗಿದು ಒಂದು ವರ್ಷ ಆದ ಮೇಲೆ ಬಂತು. ಆ ಒಂದು ವರ್ಷ ಗಾಡಿ ಔಟರ್‌ನಲ್ಲಿ ಸುಮ್ನೆ ನಿಂತಿತ್ತು.

ಇನ್ನು ಪರೀಕ್ಷೆಗೆ ಹೋಗುವುದು. ಇದು ನನಗೆ ಬಹಳ ಇಷ್ಟವಾದ ಭಾಗ. ಯಾವ ಊರಿನಲ್ಲಿ ಪರೀಕ್ಷೆ ಅಂತ ಹತ್ತು ದಿನ ಮೊದಲು ತಿಳಿಸುತ್ತಾರೆ. ಪ್ರವೇಶಪತ್ರ ಸಿಗುವುದು ನಾಲ್ಕು ದಿನ ಮೊದಲು. ಇದೇ ಇಲಾಖೆ ಟಿಕೆಟ್ ಬುಕಿಂಗ್ ತೆರೆಯುವುದು 60 ದಿನ ಮೊದಲು. 2024ರ ಅಕ್ಟೋಬರ್ ತನಕ 120 ದಿನ ಇತ್ತು. ಹುಡುಗನಿಗೆ ಊರು ಗೊತ್ತಾಗುವ ಹೊತ್ತಿಗೆ ಆ ಊರಿನ ಗಾಡಿಯಲ್ಲಿ ಸೀಟು ಮುಗಿದು, ಆರ್‌ಎಸಿ ಮುಗಿದು, ವೇಟಿಂಗ್ ಲಿಸ್ಟೂ ಉದ್ದ ಬೆಳೆದಿರುತ್ತದೆ. 2018ರ ಲೋಕೋ ಪೈಲಟ್ ಪರೀಕ್ಷೆಯಲ್ಲಂತೂ ಬಿಹಾರದ ಹುಡುಗರಿಗೆ ಸಾವಿರ ಕಿಲೋಮೀಟರ್ ಆಚೆಯ ಊರುಗಳು ಬಿದ್ದವು. ಊರು ಹಂಚಿದ್ದು ಸಾಫ್ಟ್‌ವೇರ್ ಇರಬೇಕು. ಪಾಪ, ಅದಕ್ಕೆ ಭೂಗೋಳದ ಪರೀಕ್ಷೆ ಯಾರೂ ಮಾಡಿರಲಿಲ್ಲ.

ಹೀಗೆ ಹುಡುಗ ಜನರಲ್ ಬೋಗಿಯಲ್ಲಿ, ಟಾಯ್ಲೆಟ್ ಬಾಗಿಲಿಗೆ ಒರಗಿಕೊಂಡು ಹೊರಡುತ್ತಾನೆ. ಒಂದು ಕಾಲು ಅವನದು, ಇನ್ನೊಂದರ ಮೇಲೆ ಯಾರದೋ ಚೀಲ. ಕೈಯಲ್ಲಿ ಜಿಕೆ ಪುಸ್ತಕ. ಪುಟ ತಿರುಗಿಸಬೇಕಾದರೆ ಪಕ್ಕದವರಿಗೆ 'ಸ್ವಲ್ಪ ಸರೀರಿ ಅಣ್ಣಾ' ಅನ್ನಬೇಕು. ಆ ಅಣ್ಣನ ಕೈಯಲ್ಲೂ ಅದೇ ಪುಸ್ತಕ. ಗಾಡಿ ಔಟರ್‌ನಲ್ಲಿ ನಿಲ್ಲುತ್ತದೆ. 'ಈ ಸ್ಟೇಷನ್ ಮಾಸ್ಟರ್‌ಗೆ ಬುದ್ಧಿ ಇಲ್ವಾ' ಅಂತ ಇಬ್ಬರೂ ಒಟ್ಟಿಗೇ ಅನ್ನುತ್ತಾರೆ.

ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಸಂತೋಷ. ಆದರೆ ಕನ್ನಡಕ್ಕೂ ಇಂಗ್ಲಿಷಿಗೂ ವ್ಯತ್ಯಾಸ ಕಂಡರೆ ಇಂಗ್ಲಿಷೇ ಅಂತಿಮ ಅಂತ ಪ್ರಕಟಣೆಯಲ್ಲೇ ಬರೆದಿರುತ್ತಾರೆ. ಒಂದೇ ಕಂಬದಲ್ಲಿ ಎರಡು ದೀಪ ಇಟ್ಟು, ಹಸಿರು ಕಂಡರೂ ನಂಬಬೇಡಿ, ಆ ಕಡೆ ದೀಪ ನೋಡಿ ಅಂದ ಹಾಗೆ.

90 ನಿಮಿಷ, 100 ಪ್ರಶ್ನೆ. ಒಂದಕ್ಕೆ 54 ಸೆಕೆಂಡು. ತಪ್ಪಾದರೆ ಮೂರನೇ ಒಂದು ಅಂಕ ಕಟ್. ನೂರರಲ್ಲಿ 40 ಪ್ರಶ್ನೆ ಸಾಮಾನ್ಯ ಜ್ಞಾನದ್ದು. ಆಟಗಳು, ಸ್ಮಾರಕಗಳು, ವಿಶ್ವಸಂಸ್ಥೆ, ಸಾಹಿತ್ಯ, ಯಾವ ಸಂಕ್ಷಿಪ್ತ ಹೆಸರಿನ ಪೂರ್ಣ ರೂಪ ಏನು, ಎಲ್ಲ ಬರುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆ ಎಲ್ಲಿದೆ ಅಂತ ಗೊತ್ತಿಲ್ಲದವನ ಕೈಗೆ, ಗಾಡಿಯನ್ನು ಸ್ಟೇಷನ್ ಒಳಗೆ ಬಿಡುವ ಹೋಮ್ ಸಿಗ್ನಲ್ ಕೊಡುವುದು ಹೇಗೆ ಅಲ್ವಾ? ಉಳಿದದ್ದು ಲೆಕ್ಕ ಮತ್ತು ರೀಸನಿಂಗ್. ಲೆಕ್ಕದಲ್ಲಿ ರೈಲುಗಳು ತಪ್ಪದೆ ಬರುತ್ತವೆ. ಅವು ಯಾವಾಗಲೂ ಓಡುತ್ತಲೇ ಇರುತ್ತವೆ. ನಿಂತ ರೈಲಿನ ಲೆಕ್ಕ ಕೇಳಿದ್ದನ್ನು ನಾನು ಕಂಡಿಲ್ಲ.

ಫಲಿತಾಂಶ ಬಂದದ್ದು 2022ರ ಜನವರಿಯಲ್ಲಿ. ಇಲ್ಲಿ ಒಂದು ಮಾತು. ಹಳಿಯ ಪಕ್ಕದಲ್ಲಿ ಆಕ್ಸಲ್ ಕೌಂಟರ್ ಅನ್ನುವ ಯಂತ್ರ ಇರುತ್ತದೆ. ಸೆಕ್ಷನ್ ಒಳಗೆ ಹೋದ ಗಾಡಿಯ ಗಾಲಿ ಜೋಡಿ ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ಎಣಿಸುತ್ತದೆ. ಒಂದು ಕಮ್ಮಿ ಬಂದರೂ ಒಳಗೆ ಏನೋ ಉಳಿದಿದೆ ಅಂತಲೇ ಲೆಕ್ಕ, ಮುಂದಿನ ಗಾಡಿ ಬಿಡುವುದಿಲ್ಲ. ಎಣಿಕೆಯಲ್ಲಿ ಇಷ್ಟು ಕಟ್ಟುನಿಟ್ಟಾದ ಇಲಾಖೆ ಎರಡನೇ ಹಂತಕ್ಕೆ ಹುದ್ದೆಗಳ ಇಪ್ಪತ್ತು ಪಟ್ಟು ಅಭ್ಯರ್ಥಿಗಳನ್ನು ಆರಿಸಿದ್ದೇವೆ ಅಂತ ಪಟ್ಟಿ ಬಿಟ್ಟಿತು. ನೋಡಿದರೆ ಒಬ್ಬನೇ ಹುಡುಗನನ್ನು ಬೇರೆ ಬೇರೆ ಸಂಬಳದ ಹಂತಗಳಲ್ಲಿ ಮೂರ್ನಾಲ್ಕು ಸಲ ಎಣಿಸಿದ್ದರು. ಒಂದೇ ಗಾಡಿ ನಾಲ್ಕು ಪ್ಲಾಟ್‌ಫಾರ್ಮ್‌ಗಳಲ್ಲಿ ನಿಂತಿದೆ ಅಂತ ರಿಜಿಸ್ಟರ್‌ನಲ್ಲಿ ಬರೆದ ಹಾಗೆ. ಬಿಹಾರದಲ್ಲಿ ಹುಡುಗರು ಹಳಿಗೆ ಇಳಿದರು, ಗಯಾದಲ್ಲಿ ಬೋಗಿಗಳಿಗೆ ಬೆಂಕಿ ಬಿತ್ತು. ಗಲಾಟೆ ಮಾಡಿದವರಿಗೆ ಜೀವಮಾನ ಪೂರ್ತಿ ರೈಲ್ವೆ ಕೆಲಸ ಸಿಗದು ಅಂತ ಇಲಾಖೆ ಎಚ್ಚರಿಸಿತು. ಸಿಕ್ಕಿರಲಿಲ್ಲವಲ್ಲ, ಅದೇ ತಾನೇ ಗಲಾಟೆ. ಕೊನೆಗೆ ಒಂದು ಸಮಿತಿ ಆಯಿತು, ಒಬ್ಬನನ್ನು ಒಬ್ಬ ಅಂತಲೇ ಎಣಿಸಿ ಹೊಸ ಪಟ್ಟಿ ಮಾಡಿದರು.

ಎರಡನೇ ಹಂತದಲ್ಲಿ 120 ಪ್ರಶ್ನೆ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಮೊದಲನೆಯದರ ಅಣ್ಣ.

ಸ್ಟೇಷನ್ ಮಾಸ್ಟರ್ ಆಗುವವರಿಗೆ ಆಮೇಲೆ ಇನ್ನೊಂದು ಪರೀಕ್ಷೆ ಇದೆ. ಕಂಪ್ಯೂಟರ್ ಆಪ್ಟಿಟ್ಯೂಡ್ ಟೆಸ್ಟ್. ಇದರಲ್ಲಿ ದಾರಿ ಹುಡುಕಬೇಕು. ತಮಾಷೆ ಅಲ್ಲ. ಪರದೆಯ ಮೇಲೆ ನಕ್ಷೆಯಂಥ ಚಿತ್ರ ಇರುತ್ತದೆ, ಅದರಲ್ಲಿ ಸರಿಯಾದ ದಾರಿಯನ್ನು ಕಣ್ಣಲ್ಲೇ ಬೇಗ ಗುರುತಿಸಬೇಕು.   ಜೊತೆಗೆ ಬುದ್ಧಿಶಕ್ತಿಯ ಪರೀಕ್ಷೆ, ಬೇಕಾದದ್ದರ ಮೇಲೆ ಮಾತ್ರ ಗಮನ ಇಡುವ ಪರೀಕ್ಷೆ, ಮಾಹಿತಿಯನ್ನು ಕ್ರಮವಾಗಿ ಜೋಡಿಸುವ ಪರೀಕ್ಷೆ. ಪ್ರತಿಯೊಂದರಲ್ಲೂ ಟಿ-ಸ್ಕೋರ್, ಅಂದರೆ ಉಳಿದವರ ಜೊತೆ ಹೋಲಿಸಿ ಕೊಡುವ ಅಂಕ, 42 ಬರಲೇಬೇಕು. ಒಂದರಲ್ಲಿ 41 ಬಂದರೂ ಅಷ್ಟೇ, ಯಾರಿಗೂ ರಿಯಾಯಿತಿ ಇಲ್ಲ. ಕೇಳಿದವರು ನಗುತ್ತಾರೆ. ನಾನು ನಗುವುದಿಲ್ಲ. ಈ ಕೆಲಸಕ್ಕೆ ನಿಜವಾಗಿ ಬೇಕಾದದ್ದನ್ನು ಅಳೆಯುವ ಪರೀಕ್ಷೆ ಇದೊಂದೇ. ಅದಕ್ಕೇ ಇರಬೇಕು, ಇದನ್ನು ಕಟ್ಟಕಡೆಗೆ ಇಟ್ಟಿದ್ದಾರೆ. 2019ರ ಮಾರ್ಚ್‌ನಲ್ಲಿ ಅರ್ಜಿ ಹಾಕಿದವನಿಗೆ ಈ ಪರೀಕ್ಷೆ ಕಂಡದ್ದು 2022ರ ಜುಲೈ ಕೊನೆಗೆ.

ಆಮೇಲೆ ಕಣ್ಣು. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡ ಅನ್ನುವಲ್ಲಿ ಎರಡು ರೈಲು ಡಿಕ್ಕಿಯಾದವು. ಹೋಲ್ಮ್‌ಗ್ರೆನ್ ಅನ್ನುವ ವಿಜ್ಞಾನಿ, ಬಣ್ಣ ಗುರುತಿಸಲಾಗದ ಕಣ್ಣೇ ಇದಕ್ಕೆ ಕಾರಣ ಇರಬೇಕು ಅಂತ ವಾದಿಸಿ, ರೈಲ್ವೆಯವರಿಗೆ ಬಣ್ಣಬಣ್ಣದ ಉಣ್ಣೆ ನೂಲು ಕೊಟ್ಟು ಬೇರೆ ಮಾಡಿಸಿದರು. ಈಗ ಉಣ್ಣೆ ಬದಲು ಇಶಿಹಾರಾ ಪುಸ್ತಕ, ಚುಕ್ಕಿಗಳ ನಡುವೆ ಅಂಕಿ ಹುಡುಕುವುದು. ಇದು ಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಸ್ಟೇಷನ್ ಮಾಸ್ಟರ್‌ಗೆ ದೂರದ ದೃಷ್ಟಿ ಕನ್ನಡಕ ಇಲ್ಲದೆ ಎರಡೂ ಕಣ್ಣಿಗೆ 6/9 ಇರಬೇಕು. ಮೂರು ವರ್ಷ ಹಗಲೂ ರಾತ್ರಿ ಮೊಬೈಲ್‌ನಲ್ಲಿ ಮಾಕ್ ಟೆಸ್ಟ್ ಬರೆಸಿ, ಆಮೇಲೆ 'ಎಲ್ಲಿ, ಕನ್ನಡಕ ತೆಗೆಯಪ್ಪ' ಅನ್ನುವುದಕ್ಕೆ ಬಹಳ ಗಟ್ಟಿ ಮನಸ್ಸು ಬೇಕು.

ಇಂಟರ್‌ವ್ಯೂ? ಅದು ಇಲ್ಲ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಇಂಥ ಹುದ್ದೆಗಳಿಗೆ ಇಂಟರ್‌ವ್ಯೂ ತೆಗೆದುಹಾಕಿತು. ತೆಗೆದದ್ದು ಒಳ್ಳೆಯದೇ. 'ನೀನು ಯಾರ ಕಡೆಯವನು' ಅನ್ನುವ ಪ್ರಶ್ನೆಗೆ ಯಾವ ಜಿಕೆ ಪುಸ್ತಕದಲ್ಲೂ ಉತ್ತರ ಇರಲಿಲ್ಲ. ಆದರೂ ಒಮ್ಮೊಮ್ಮೆ ನಾನೇ ಒಂದು ಇಂಟರ್‌ವ್ಯೂ ಕಲ್ಪಿಸಿಕೊಳ್ಳುತ್ತೇನೆ. ರಿಟೈರ್ ಆದ ಒಬ್ಬ ಸ್ಟೇಷನ್ ಮಾಸ್ಟರ್ ಕೇಳುತ್ತಾರೆ:

'ರಾತ್ರಿ ಮೂರು ಗಂಟೆ. ಎಕ್ಸ್‌ಪ್ರೆಸ್ ಬರ್ತಾ ಇದೆ. ಪ್ಯಾನೆಲ್ ಮೇಲೆ, ಹಳಿ ಖಾಲಿ ಇಲ್ಲ ಅನ್ನೋ ಒಂದು ಕೆಂಪು ಪಟ್ಟಿ ಆರ್ತಾನೇ ಇಲ್ಲ. ಏನು ಮಾಡ್ತೀಯಪ್ಪ?'

'ಗಾಡಿ ನಿಲ್ಲಿಸ್ತೀನಿ ಸಾರ್. ಹೋಗಿ ನೋಡೋ ತನಕ ಬಿಡಲ್ಲ.'

'ಕಂಟ್ರೋಲ್‌ನಿಂದ ಫೋನ್ ಮಾಡಿ ಬೈದ್ರೆ?'

'ಬೈಲಿ ಸಾರ್. ಎಷ್ಟು ಗಂಟೆಗೆ ಬೈದ್ರು ಅಂತ ಡೈರಿಯಲ್ಲಿ ಬರ್ಕೋತೀನಿ.'

'ನಾಳೆಯಿಂದ ಬಾ.'

ಎರಡು ನಿಮಿಷದ ಕೆಲಸ. ಆದರೆ ಒಂದೂಕಾಲು ಕೋಟಿ ಜನರನ್ನು ಹೀಗೆ ಕೇಳುತ್ತಾ ಕೂತರೆ ಆ ರಿಟೈರ್ಡ್ ಮಾಸ್ಟರ ಮೊಮ್ಮಕ್ಕಳೂ ರಿಟೈರ್ ಆಗುತ್ತಾರೆ. ಹಾಗಾಗಿ ಬರೀ ದಾಖಲೆ ಪರಿಶೀಲನೆ. ಮೂಲ ಪ್ರತಿ, ಜೆರಾಕ್ಸ್ ಪ್ರತಿ. ಅಲ್ಲಿ ಅವನ ಮುಖ ನೋಡುವುದು ಫೋಟೋಗೆ ಹೋಲುತ್ತದೋ ಇಲ್ಲವೋ ಅಂತ ಮಾತ್ರ.

ಎಲ್ಲ ಮುಗಿದರೆ ಹೆಸರು ಪ್ಯಾನೆಲ್‌ಗೆ ಬರುತ್ತದೆ. ರೈಲ್ವೆಯಲ್ಲಿ ಆಯ್ಕೆ ಪಟ್ಟಿಗೂ ಪ್ಯಾನೆಲ್ ಅಂತಲೇ ಹೆಸರು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕೆಲಸದ ಹಕ್ಕು ಇಲ್ಲ ಅಂತ ಪ್ರಕಟಣೆಯಲ್ಲೇ ಇರುತ್ತದೆ. ಆ ಪ್ಯಾನೆಲ್‌ನಿಂದ ಮೇಜಿನ ಮೇಲಿನ ಪ್ಯಾನೆಲ್‌ಗೆ ಬರಲು ಮತ್ತಷ್ಟು ಕಾಲ. ಅಲ್ಲಿ ಆರಂಭದ ಮೂಲ ವೇತನ 35,400. ಮೊದಲ ಪೋಸ್ಟಿಂಗ್ ಬಹುಪಾಲು ಒಂಟಿ ಹಳಿಯ ಸಣ್ಣ ಸ್ಟೇಷನ್. ಎರಡು ಬೆಂಚು, ಒಂದು ಬೇವಿನ ಮರ, ರಾತ್ರಿ ಪೂರ್ತಿ ಕಪ್ಪೆ.

ಅಂಥ ಒಂದು ರಾತ್ರಿ ಅಂದುಕೊಳ್ಳಿ. ಒಂದು ಗಾಡಿ ಪಕ್ಕದ ಹಳಿಯಲ್ಲಿ, ಅಂದರೆ ಲೂಪ್ ಲೈನ್‌ನಲ್ಲಿ, ನಿಂತಿದೆ. ಜನರಲ್ ಬೋಗಿಯಿಂದ ಒಬ್ಬ ಹುಡುಗ ಇಳಿದು ಮಾಸ್ಟರ್ ರೂಮಿನ ಕಿಟಕಿಗೆ ಬರುತ್ತಾನೆ.

'ಸಾರ್, ಸಿಗ್ನಲ್ ಯಾವಾಗ ಬೀಳತ್ತೆ? ಬೆಳಿಗ್ಗೆ ಎಕ್ಸಾಮ್ ಇದೆ.'

'ಕ್ರಾಸಿಂಗ್ ಇದೆ ಕಣಪ್ಪ. ಎದುರಿನ ಗಾಡಿ ಹೋಗ್ಲಿ. ಯಾವ ಎಕ್ಸಾಮು?'

'ಎನ್‌ಟಿಪಿಸಿ ಸಾರ್.'

ಮಾಸ್ಟರ್ ಒಂದು ಸಲ ಅವನ ಮುಖ ನೋಡಿ ಮತ್ತೆ ಪ್ಯಾನೆಲ್ ಕಡೆ ತಿರುಗುತ್ತಾರೆ. ಹುಡುಗ ಕಂಕುಳಿಂದ ಪುಸ್ತಕ ತೆಗೆಯುತ್ತಾನೆ.

'ಹೇಗೂ ನಿಂತಿದೀವಲ್ಲ ಸಾರ್, ಒಂದು ಡೌಟ್ ಕೇಳ್ಲಾ? 150 ಮೀಟರ್ ಉದ್ದದ ಗಾಡಿ ಒಂದು, 54 ಕಿಲೋಮೀಟರ್ ವೇಗ. 100 ಮೀಟರ್ ಉದ್ದದ್ದು ಇನ್ನೊಂದು, 36 ಕಿಲೋಮೀಟರ್ ವೇಗ. ಎರಡೂ ಎದುರುಬದುರು ಬರ್ತಾ ಇವೆ...'

'ಒಂದನ್ನ ನಿಲ್ಲಿಸು,' ಅನ್ನುತ್ತಾರೆ ಮಾಸ್ಟರ್, ತಲೆ ಎತ್ತದೆ.

ಹುಡುಗ ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಎ, ಬಿ, ಸಿ, ಡಿ ನಾಲ್ಕರ ಮೇಲೂ ಎರಡು ಸಲ ಬೆರಳು ಆಡಿಸುತ್ತಾನೆ.

'ಅದು ಆಪ್ಷನ್‌ನಲ್ಲಿ ಇಲ್ಲ ಸಾರ್.'