ಮುಖ ಬೇಡ, ಮೊಹರು ಕೊಡಿ

ದುಬೈಯಲ್ಲಿರುವ ನಮ್ಮ ಕಾಸರಗೋಡಿನ ಹುಡುಗ ಫೋನಿನಲ್ಲೇ ಊರಿನ ಕರೆಂಟ್ ಬಿಲ್ ಕಟ್ಟುತ್ತಾನೆ. ಷೇರು ಕೊಳ್ಳುತ್ತಾನೆ, ಮಾರುತ್ತಾನೆ. ಆದಾಯ ತೆರಿಗೆಯ ರಿಟರ್ನ್ ಕೂಡ ಒಂದು ಒಟಿಪಿಯಲ್ಲಿ ಮುಗಿಯುತ್ತದೆ. ಆದರೆ ಬದಿಯಡ್ಕದ ಆಚೆ ಇರುವ ಹತ್ತು ಸೆಂಟ್ಸ್ ಜಾಗ ಮಾರಲು ಹೊರಟ ದಿನ ಸರಕಾರಕ್ಕೆ ಸಂಶಯ ಶುರುವಾಗುತ್ತದೆ. ಇವನು ನಿಜವಾಗಿ ಇವನೇನಾ?

ಕಾನೂನು ಪಾಪ, ಒಳ್ಳೆಯದೇ. 1908ರ ನೋಂದಣಿ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ, ಪರದೇಶದಲ್ಲಿ ಇರುವವನು ನೋಟರಿ, ಕೋರ್ಟು ಇಲ್ಲವೇ ಭಾರತದ ಕಾನ್ಸುಲ್ ಎದುರು ಸಹಿ ಹಾಕಿ, ಊರಿನವರಿಗೆ ಪವರ್ ಆಫ್ ಅಟಾರ್ನಿ, ಅಂದರೆ ತನ್ನ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ, ಕೊಡಬಹುದು. ಜನ ಹಡಗಿನಲ್ಲಿ ಹೋಗಿ ಬರುತ್ತಿದ್ದ ಕಾಲದಲ್ಲಿ ಅದು ದೊಡ್ಡ ಅನುಕೂಲ. ಹಡಗು ಹೋಯಿತು, ಕಾಗದ ಉಳಿಯಿತು.

ಊರಿನಲ್ಲಿರುವ ಭಾವ ಮೊದಲು ಒಂದು ಉಪಕಾರ ಮಾಡುತ್ತಾರೆ. ಮಂಗಳೂರಿನಲ್ಲಿ ಪರಿಚಯದ ವಕೀಲರಿದ್ದಾರೆ ಅಂತ ಅಲ್ಲೇ ಛಾಪಾ ಕಾಗದ ಕೊಂಡು ಟೈಪ್ ಮಾಡಿಸಿ ಕಳಿಸುತ್ತಾರೆ. ಕಾಸರಗೋಡಿನವರಿಗೆ ಆಸ್ಪತ್ರೆ, ಕಾಲೇಜು, ಮದುವೆ ಸೀರೆ ಎಲ್ಲಾ ಮಂಗಳೂರೇ ಅಲ್ವಾ? ಆದರೆ ಜಾಗ ಇರುವುದು ಕೇರಳದಲ್ಲಿ. ಮುದ್ರಾಂಕ ಶುಲ್ಕ ಹೋಗಬೇಕಾದದ್ದೂ ಕೇರಳಕ್ಕೇ. ಕರ್ನಾಟಕದ ಛಾಪಾ ಕಾಗದಕ್ಕೆ ತಲಪಾಡಿ ಗಡಿ ದಾಟಿದರೆ ಕವಡೆ ಕಿಮ್ಮತ್ತಿಲ್ಲ. (2020ರಲ್ಲಿ ಕೋವಿಡ್ ಅಂತ ಅದೇ ತಲಪಾಡಿಯಲ್ಲಿ ಆಂಬುಲೆನ್ಸಿನಲ್ಲಿದ್ದ ರೋಗಿಗಳನ್ನೇ ಬಿಟ್ಟಿರಲಿಲ್ಲ. ಕಾಗದ ಯಾವ ಲೆಕ್ಕ?)

ಅಷ್ಟರಲ್ಲಿ ಲಂಡನ್ನಿನ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಿನಲ್ಲಿ ಧ್ವನಿ ಎತ್ತುತ್ತಾರೆ: "ಅಪೋಸ್ಟಿಲ್ ಮಾಡಿಸು ಮಾರಾಯ, ಸುಲಭ." ಅಪೋಸ್ಟಿಲ್ ಅಂದರೆ ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಹಾಗೇ ಒಪ್ಪಿಕೊಳ್ಳಲು ಹಾಕುವ ಮೊಹರು, ಅದಕ್ಕೊಂದು ಅಂತಾರಾಷ್ಟ್ರೀಯ ಒಪ್ಪಂದ. ಚಿಕ್ಕಪ್ಪನಿಗೆ ಸುಲಭವೇ. ಭಾರತ 2005ರಿಂದ ಆ ಒಪ್ಪಂದದಲ್ಲಿದೆ, ಬ್ರಿಟನ್ನೂ ಇದೆ. ಯುಎಇ ಇಲ್ಲ. ಊರಿನ ಅರ್ಧ ಜನ ಇರುವುದೇ ಅಲ್ಲಿ!

ಇನ್ನು ಹೆಸರು. ಅಜ್ಜನ ಕಾಲದ ಆಧಾರ (ಕಾರ್ಡಲ್ಲ, ಜಾಗದ ಪತ್ರ) ಕನ್ನಡದಲ್ಲಿದೆ. 1956ರ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯವರು ತಾನೇ? ತೆರಿಗೆ ರಶೀದಿ ಮಲಯಾಳದಲ್ಲಿದೆ. ಪಾಸ್‌ಪೋರ್ಟ್ ಇಂಗ್ಲಿಷಿನಲ್ಲಿದೆ. ಶಾಲೆಯಲ್ಲಿ ಒಂದಕ್ಷರದ ಇನಿಶಿಯಲ್ ಆಗಿದ್ದ ಮನೆಹೆಸರು ಪಾಸ್‌ಪೋರ್ಟಿನಲ್ಲಿ ಪೂರ್ತಿ ಬಿಚ್ಚಿಕೊಂಡು ಕೂತಿದೆ. ಹೀಗೆ ಒಬ್ಬನೇ ಮನುಷ್ಯ ಮೂವರಾಗುತ್ತಾನೆ. ಮೂವರೂ ಒಬ್ಬನೇ ಅಂತ ಹೇಳಲು ವಿಲೇಜ್ ಆಫೀಸಿನಲ್ಲಿ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಹೆಸರು 'ಒನ್ ಆ್ಯಂಡ್ ದ ಸೇಮ್'. ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಇದೆ. ಅದ್ವೈತ ಸಿದ್ಧಿಗೆ ನಮ್ಮಲ್ಲಿ ಅರ್ಜಿ ನಮೂನೆ ಇದೆ.

ಎಲ್ಲಕ್ಕಿಂತ ಸೊಗಸು, ದುಬೈಯಲ್ಲಿ ಕಾನ್ಸುಲ್ ಎದುರಿನ ಸಹಿಗೆ ಬೇಕಾದ ಸಾಕ್ಷಿಗಳದ್ದು. ಇಬ್ಬರು ಬೇಕು. ಪಾಸ್‌ಪೋರ್ಟ್ ಹಿಡಿದುಕೊಂಡು ಖುದ್ದಾಗಿ ಬರಬೇಕು. ರೂಮಿನ ಗೆಳೆಯರಿಗೆ ಡ್ಯೂಟಿ, ರಜೆ ಹಾಕಿದರೆ ಸಂಬಳ ಕಟ್. ಹಾಗಾಗಿ ಸಾಕ್ಷಿಗಳು ಕ್ಯೂನಲ್ಲೇ ಹುಟ್ಟುತ್ತಾರೆ.

"ಅಣ್ಣಾ, ನಿಮ್ಮದು ಯಾವೂರು?"

"ಉಪ್ಪಳ."

"ನಂದು ಬದಿಯಡ್ಕ. ನನಗೊಂದು ಸಾಕ್ಷಿ ಹಾಕ್ತೀರಾ? ನಿಮಗೆ ನಾನು ಹಾಕ್ತೇನೆ."

ಆಯಿತು. ಐದು ನಿಮಿಷದ ಹಿಂದೆ ಮೊದಲ ಸಲ ಮುಖ ನೋಡಿದವರು ಈಗ ಭಾರತ ಸರಕಾರದ ಕೌಂಟರಿನ ಎದುರು ಜನ್ಮಾಂತರದ ಬಂಧುಗಳು. ಇನ್ನೊಬ್ಬ ಸಾಕ್ಷಿ ಪಂಜಾಬಿನವನು. ಕಾಸರಗೋಡು ಮನುಷ್ಯನ ಹೆಸರೋ ತಿಂಡಿಯ ಹೆಸರೋ ಅವನಿಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ, ಪಾಸ್‌ಪೋರ್ಟ್ ಇದ್ದರೆ ಸಾಕು. ಹೆತ್ತ ಅಮ್ಮ ವಿಡಿಯೋ ಕಾಲಿನಲ್ಲಿ ಬಂದು "ಇವ ನನ್ನ ಮಗ" ಅಂದರೆ ನಡೆಯುವುದಿಲ್ಲ. ಅವರು ಕ್ಯೂನಲ್ಲಿ ಇಲ್ಲವಲ್ಲ.

ಮೊಹರು ಬಿತ್ತು, ಕಾಗದ ಕೊರಿಯರಿನಲ್ಲಿ ಊರಿಗೆ ಬಂತು. ಭಾರತಕ್ಕೆ ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಯಾವತ್ತು ಮುಟ್ಟಿತು ಅನ್ನುವುದಕ್ಕೆ ದಾಖಲೆ? ಕೊರಿಯರಿನ ಲಕೋಟೆ. ಆದ್ದರಿಂದ ತಿಳಿದವರು ಪವರ್ ಆಫ್ ಅಟಾರ್ನಿಯನ್ನು ಮೇಜಿನ ಮೇಲಿಟ್ಟು, ಲಕೋಟೆಯನ್ನು ಕಪಾಟಿನೊಳಗೆ ಬೀಗ ಹಾಕಿ ಇಡುತ್ತಾರೆ.

ಕೊನೆಗೆ ರಿಜಿಸ್ಟ್ರೇಶನ್ ದಿನ. ಆಧಾರ ಬರೆಯುವವರು ಜೊತೆಗಿದ್ದಾರೆ, ಕೊಳ್ಳುವವರು ಬಂದಿದ್ದಾರೆ, ಎಲ್ಲಾ ಸರಿ ಇದೆ. ಮೇಜಿನ ಆಚೆಯಿಂದ ಒಂದು ಪ್ರಶ್ನೆ: "ಆಳ್ ಇಪ್ಪೋಳ್ ಜೀವನೋಡೆ ಉಂಡೋ?" ಅಂದರೆ, ಆಳು ಈಗ ಬದುಕಿದ್ದಾನಾ?

ಪ್ರಶ್ನೆ ತಪ್ಪಲ್ಲ. ಪವರ್ ಕೊಟ್ಟವನು ಸತ್ತರೆ ಅವನ ಜೊತೆ ಪವರೂ ಸಾಯುತ್ತದೆ. 1872ರ ಕರಾರು ಕಾಯ್ದೆಯಲ್ಲೇ ಇದೆ. ಭಾವ ಹಿಗ್ಗಿನಿಂದ ಫೋನ್ ತೆಗೆದು ವಿಡಿಯೋ ಕಾಲ್ ಹಾಕುತ್ತಾರೆ. ಹುಡುಗ ಪರದೆಯಲ್ಲಿ ಕೈ ಬೀಸುತ್ತಾನೆ, ಮಲಯಾಳದಲ್ಲಿ ನಮಸ್ಕಾರವೂ ಹೇಳುತ್ತಾನೆ. ಮೇಜಿನ ಆಚೆಯವರು ಕನ್ನಡಕ ಸರಿಮಾಡಿ ಚೆನ್ನಾಗಿ ನೋಡುತ್ತಾರೆ. ನಗುತ್ತಾರೆ ಕೂಡ.

"ನಾನು ನೋಡಿದ್ದು ಸರಿ. ಫೈಲಿಗೆ ಏನು ಹಾಕಲಿ? ಬದುಕಿದ್ದಾರೆ ಅಂತ ಒಂದು ಕಾಗದ ತರಿಸಿ."

ಪರದೆಯೊಳಗಿನಿಂದ ಹುಡುಗ ಕೇಳುತ್ತಾನೆ: "ಭಾವ, ಅದಕ್ಕೂ ಇಬ್ಬರು ಸಾಕ್ಷಿ ಬೇಕಾ?"