ಬಂಗುಡೆಯ ಕಿವಿರು, ಭಾವನ ಷೇರು

ಮೀನು ಮಾರ್ಕೆಟಿನಲ್ಲಿ ನಮ್ಮ ಭಾವನನ್ನು ಒಮ್ಮೆ ನೋಡಬೇಕು. 200 ರೂಪಾಯಿಯ ಬಂಗುಡೆಗೆ ಕಿವಿರು ಎತ್ತಿ ಕೆಂಪು ಉಂಟಾ ನೋಡುತ್ತಾರೆ. ಹೊಟ್ಟೆ ಒತ್ತುತ್ತಾರೆ, ಮೂಸುತ್ತಾರೆ. "ಇದು ನಿನ್ನೆಯದ್ದಲ್ವಾ?" ಎಂದು ಕೇಳಿ, ಮೀನಿನ ಅಕ್ಕನ ಹತ್ತಿರ ಬೈಸಿಕೊಂಡು ಪಕ್ಕದ ಬುಟ್ಟಿಗೆ ಹೋಗುತ್ತಾರೆ.

ಅದೇ ಭಾವ, ಜನರಿಂದ ಸ್ವಲ್ಪ ಸ್ವಲ್ಪ ಹಣ ಎತ್ತಿ ಷೇರು ಕೊಡಿಸುವ ಒಂದು ಆನ್‌ಲೈನ್ ವೇದಿಕೆಯಲ್ಲಿ, ನೀರುದೋಸೆ ಹೊಯ್ಯುವ ಯಂತ್ರದ ಸ್ಟಾರ್ಟಪ್ಪಿಗೆ 25,000 ಹಾಕಿದ್ದು ಬಸ್ಸಿನಲ್ಲಿ ನೇತಾಡಿಕೊಂಡು. ಪಂಪ್‌ವೆಲ್‌ನಿಂದ ಕಂಕನಾಡಿಗೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಎಂತ ನೋಡಿ ಹಾಕಿದ್ರಿ ಭಾವ?"

"ಅವರಿಗೆ ಬೇಕಾದ ಹಣದಲ್ಲಿ 83 ಪರ್ಸೆಂಟ್ ಆಗಿತ್ತು ಭಾವ. ಎರಡೇ ದಿನ ಉಳಿದದ್ದು."

ಆ ಸ್ಟಾರ್ಟಪ್ಪಿನ ವಿಡಿಯೋ ನಾನೂ ನೋಡಿದೆ. ಪಣಂಬೂರು ಬೀಚು, ಮುಳುಗುವ ಸೂರ್ಯ, ಗಡ್ಡದ ಹುಡುಗ. ಆಮೇಲೆ ಅವನ ಅಮ್ಮ ಕಾವಲಿಯಲ್ಲಿ ದೋಸೆ ಹೊಯ್ಯುತ್ತಾರೆ. ಕಣ್ಣಲ್ಲಿ ನೀರು ಬರುತ್ತದೆ, ನಿಜ. ಯಂತ್ರ ಮಾತ್ರ ಎಲ್ಲೂ ಬರುವುದಿಲ್ಲ. ಜೊತೆಗೆ 31 ಪುಟದ ಪಿಡಿಎಫ್. "ಹಾಕಿದ ಹಣ ಪೂರ್ತಿ ಹೋಗಬಹುದು" ಎಂಬ ಮಾತು 27ನೇ ಪುಟದಲ್ಲಿ.

ಬೈಯಲು ಹೊರಟವನು ಬಾಯಿ ಮುಚ್ಚಿದೆ. ಯಾಕೆಂದರೆ ನಾನೂ 10,000 ಹಾಕಿದ್ದೆ. ಭಾವ ಹಾಕಿದ್ದಾರಲ್ಲ, ನೋಡಿಯೇ ಹಾಕಿರುತ್ತಾರೆ ಅಂತ.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಅಮೆರಿಕದಲ್ಲಿ 2014ರಲ್ಲಿ, ಹೀಗೇ ಜನರಿಂದ ಹಣ ಎತ್ತುವ ವೆಬ್‌ಸೈಟಾದ ಕಿಕ್‌ಸ್ಟಾರ್ಟರ್‌ನಲ್ಲಿ ಒಂದು ಐಸ್ ಪೆಟ್ಟಿಗೆ ಬಂತು. ಮಿಕ್ಸಿ, ಸ್ಪೀಕರ್ ಎಲ್ಲ ಅದರಲ್ಲೇ. 62,000ಕ್ಕಿಂತ ಜಾಸ್ತಿ ಜನ ಸೇರಿ 1.3 ಕೋಟಿ ಡಾಲರ್ ಸುರಿದರು. 2019ರಲ್ಲಿ ಕಂಪನಿ ಬಾಗಿಲು ಹಾಕಿದಾಗ ಮೂರರಲ್ಲಿ ಒಂದು ಪಾಲು ಜನರಿಗೆ ಪೆಟ್ಟಿಗೆ ಬಂದೇ ಇರಲಿಲ್ಲ.

ಅಂದ ಹಾಗೆ, ನಾವು ಬ್ಯಾಂಕು ಹುಟ್ಟಿಸಿದ ಜಿಲ್ಲೆಯವರು. ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಮನೆಮನೆಯಿಂದ ದಿನಕ್ಕೆ ಎರಡಾಣೆ ಎತ್ತಿ ಪಿಗ್ಮಿ ಶುರುಮಾಡಿತು. ನಮ್ಮ ಅಜ್ಜಿಗೆ ಓದು ಬಾರದು. ಆದರೂ ಪಿಗ್ಮಿಯವನು ಪುಸ್ತಕದಲ್ಲಿ ಬರೆದದ್ದನ್ನು ಪಕ್ಕದ ಮನೆ ಹುಡುಗನಿಂದ ಓದಿಸುವ ತನಕ ಅವನನ್ನು ಅಂಗಳ ದಾಟಲು ಬಿಡುತ್ತಿರಲಿಲ್ಲ. ಮೊಮ್ಮಗ ಬಿಕಾಂ.

ಖಾಸಗಿಯಾಗಿ ಷೇರು ಕೊಡುವ ಕಂಪನಿ ವರ್ಷಕ್ಕೆ 200 ಜನರಿಗಿಂತ ಜಾಸ್ತಿ ಮಂದಿಯನ್ನು ಕೇಳುವ ಹಾಗಿಲ್ಲ, 2013ರ ಕಂಪನಿ ಕಾಯ್ದೆಯ ಲೆಕ್ಕ ಅದು. ಇಂಥ ಆನ್‌ಲೈನ್ ವೇದಿಕೆಗಳಿಗೆ ತನ್ನ ಒಪ್ಪಿಗೆ ಇಲ್ಲ ಎಂದು ಷೇರು ಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ 2016ರಲ್ಲೇ ಎಚ್ಚರಿಸಿತ್ತು. ದೋಸೆಯವರ ವಾಟ್ಸಾಪ್ ಗುಂಪಿನಲ್ಲಿ ಇದ್ದದ್ದು 640 ಜನ. ಎಣಿಸಲು ಯಾರಿಗೂ ಪುರುಸೊತ್ತಿಲ್ಲ.

ಓದದ್ದು ನಮ್ಮ ತಪ್ಪು, ಒಪ್ಪಿದೆ. ಆದರೆ ಉಳಿದ ಗಂಟೆ ಎಣಿಸುವ ಗಡಿಯಾರವನ್ನು ತೆಂಗಿನಕಾಯಿಯಷ್ಟು ದೊಡ್ಡದು ಮಾಡಿ, ಹಣ ಹೋಗುವ ಮಾತನ್ನು ಇರುವೆಯಷ್ಟು ಸಣ್ಣದು ಮಾಡಿದವನಿಗೆ ನಾವು ಓದುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದು. ಇದರಲ್ಲಿ ನಗುವಂಥದ್ದು ಏನೂ ಇಲ್ಲ ಮಾರಾಯ್ರೆ. ಭಾವನ 25,000 ಮಗಳ ಫೀಸಿಗೆ ಇಟ್ಟ ದುಡ್ಡು.

ನಿನ್ನೆ ಗುಂಪಿನಲ್ಲಿ ಮೆಸೇಜು ಬಂತು. ಯಂತ್ರದ ಮೋಟಾರು ಇನ್ನೂ ಬಂದಿಲ್ಲವಂತೆ, "ನಿಮ್ಮ ಪ್ರೀತಿ ಹೀಗೇ ಇರಲಿ" ಅಂತೆ. ಕೆಳಗೆ 212 ಜನ ಕೈ ಮುಗಿದಿದ್ದರು. 213ನೆಯವರು ಭಾವ.