ಪ್ರಾಜೆಕ್ಟ್ ಅಂಕ ಮತ್ತು ಜೆರಾಕ್ಸ್ ಅಂಗಡಿ

ಶಾಲೆಯಲ್ಲಿ ಪ್ರಾಜೆಕ್ಟ್‌ಗೆ ಅಂಕ ಕೊಟ್ಟರೆ ಮಕ್ಕಳ ಬಾಯಿಪಾಠ ತಾನಾಗಿಯೇ ಕಡಿಮೆಯಾಗುತ್ತದೆ ಅಂತ ಲೇಖಕರೊಬ್ಬರು ಬರೆದಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಆಂತರಿಕ ಅಂಕ, ಅಂದರೆ ಪ್ರಾಜೆಕ್ಟ್ ಇತ್ಯಾದಿಗೆ ಶಾಲೆಯೇ ಕೊಡುವ ಅಂಕ, ಈಗಾಗಲೇ ಇದೆಯಲ್ವಾ? ಏನಾಯ್ತು? ನನ್ನ ಮಗಳ ಮಳೆನೀರು ಕೊಯ್ಲು ಪ್ರಾಜೆಕ್ಟ್‌ಗೆ ರಾತ್ರಿ ಎಂಟು ಗಂಟೆಗೆ ಜೆರಾಕ್ಸ್ ಅಂಗಡಿ ಮುಂದೆ ನಿಂತವನು ನಾನೇ. ಚಿತ್ರ, ವಿವರ, ಮುಖಪುಟ ಎಲ್ಲ ಅಲ್ಲೇ ರೆಡಿ ಇತ್ತು. ಹೆಸರು ಬರೆಯುವುದಷ್ಟೇ ಬಾಕಿ. ನಮ್ಮ ಮನೆ ತಾರಸಿಯ ನೀರು ಯಾವ ಪೈಪಿನಲ್ಲಿ ಇಳಿದು ಎಲ್ಲಿಗೆ ಹೋಗುತ್ತದೆ ಅಂತ ಅವಳು ಒಮ್ಮೆಯೂ ಹತ್ತಿ ನೋಡಲಿಲ್ಲ. ಅಂಕ ಮಾತ್ರ ಪೂರ್ತಿ ಬಂತು!

ನಮ್ಮಲ್ಲೇ ಬೇರೆ ದಾರಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ, ಸರ್ಕಾರಿ ಶಾಲೆಯ ಒಂದರಿಂದ ಮೂರನೇ ಕ್ಲಾಸಿನ ಪುಟ್ಟ ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮದೇ ವೇಗದಲ್ಲಿ ಕಲಿಯುತ್ತಾರೆ. (ಮೂರು ತರಗತಿಗೂ ಒಬ್ಬರೇ ಟೀಚರ್ ಇದ್ದರೆ ಅವರ ಪಾಡು ದೇವರಿಗೇ ಪ್ರೀತಿ, ಅದು ಬೇರೆ ಮಾತು.) ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಮತ್ತೆ ಅದೇ ಪ್ರಶ್ನೋತ್ತರ, ಅದೇ ನೋಟ್ಸು.

ಮೊದಲು ಪ್ರಶ್ನೆಪತ್ರಿಕೆ ಬದಲಾಗಲಿ. ಸುಮ್ನೆ ‘ಮಳೆನೀರು ಕೊಯ್ಲಿನ ಉಪಯೋಗ ಬರೆಯಿರಿ’ ಅನ್ನುವ ಬದಲು, ಶಾಲೆಯ ಚಾವಣಿಯ ಅಳತೆ ಕೊಟ್ಟು, ಒಂದು ಸೆಂಟಿಮೀಟರ್ ಮಳೆಗೆ ಎಷ್ಟು ಲೀಟರ್ ಸಿಗುತ್ತದೆ ಅಂತ ಕೇಳಲಿ. 100 ಚದರ ಮೀಟರ್‌ಗೆ 1,000 ಲೀಟರ್. ನನಗೂ ಇದು ಗೊತ್ತಾಗಿದ್ದು ಮೊನ್ನೆ ಮೊನ್ನೆ, ಮಗಳ ಜೊತೆ ಕೂತು ಲೆಕ್ಕ ಹಾಕಿದಾಗ.